ಮಠದ ಹಿತ್ತಲಿಗೆ ಗರಡಿ ಬಂದ ಬಗೆ

ಕಳೆದ ಸೋಮವಾರ ಮುಂಜಾನೆ ನಾನು ಲಂಗೋಟಿ ಬಿಗಿದು ನಮ್ಮ ಮಠದ ಸ್ವಾಮಿಗಳಾದ ಅಜ್ಜಾರ ಎದುರು ನಿಂತಿದ್ದೆ. ವಯಸ್ಸು ನಲವತ್ತೆಂಟು. ಹೊಟ್ಟೆಯ ಸುತ್ತಳತೆ ಕೇಳಬೇಡಿ.

ಉಣಕಲ್ಲಿನ ಮಠದ ಹಿತ್ತಲಲ್ಲಿ ಗರಡಿಮನೆ ಕಟ್ಟಬೇಕೆಂದು ನಾವು ಕೆಲವರು ಓಡಾಡುತ್ತಿರುವುದು ನಿಮಗೆ ಗೊತ್ತೇ ಇದೆ. ಹುಬ್ಬಳ್ಳಿಯ ಸಾಹೇಬರಿಗೆ ಟೆನಿಸ್ ಇದೆ, ಕ್ಲಬ್ ಇದೆ. ನಮ್ಮ ಓಣಿಯ ತರುಣರಿಗೆ? ಇಸ್ಪೀಟು. (ಕಮಿಟಿಗೆ ನಾನೇ ಸೆಕ್ರೆಟರಿ. ಚಿಂತೆ ಮಾಡುವ ಕೆಲಸಕ್ಕೆ ಇಷ್ಟು ಯೋಗ್ಯ ಮನುಷ್ಯ ಬೇರೆ ಸಿಗಲಿಲ್ಲವಂತೆ.)

ಅಜ್ಜಾರು ಜಾಗ ಕೊಡಲು ಒಪ್ಪಿದ್ದರು. ಅಡ್ಡ ಬಂದವರು ಹತ್ತಿ ವ್ಯಾಪಾರಿ ಬಸಪ್ಪ ಕಾಕಾ.

"ಕುಸ್ತ್ಯಾಗ ಕೊರಳಾಗಿನ ಲಿಂಗ ಏನ್ ಮಾಡ್ತೀರಿ? ತಗದು ಗೂಟಕ್ಕ ತೂಗಹಾಕ್ತೀರೇನು?"

ಹಾವು, ಜ್ವರ, ಮುರಿದ ಕೈ, ಎಲ್ಲದರ ಚಿಂತೆ ಮಾಡಿದ್ದೆ. ಇದೊಂದು ಹೊಳೆದಿರಲಿಲ್ಲ. ಲಿಂಗ ಮೈಯಿಂದ ಅಗಲಬಾರದು. ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡೇ ಕುಸ್ತಿಗಿಳಿದರೆ ಎದುರಾಳಿಯ ಹಲ್ಲು ಉಳಿಯದು. ಅಜ್ಜಾರು ಗಂಭೀರರಾದರು. "ಸೋಮವಾರದೊಳಗ ದಾರಿ ತೋರಸ್ರಿ. ಇಲ್ಲಂದ್ರ ಗರಡಿ ಬ್ಯಾಡ."

ಗರಡಿಯ ಆಸೆ ಬಿಡುವುದು ಹೇಗೆ? ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಹುಸೇನಸಾಬರ ಗಾಡಿ ರಿಪೇರಿ ಅಂಗಡಿಗೆ ಹೋದೆ. ನಮ್ಮವರಿಗೆ ಕುಸ್ತಿ ಕಲಿಸಲು ಒಪ್ಪಿದ್ದ ವಸ್ತಾದರು ಅವರೇ. ಮಾತು ಕೇಳಿ ಅಂಗಿಯ ತೋಳು ಮೇಲೇರಿಸಿದರು. ರಟ್ಟೆಗೆ ಬಿಗಿದ ತಾಯತ.

"ಮೂವತ್ತು ವರ್ಸ ಕುಸ್ತಿ ಆಡೇನ್ರಿ. ಒಮ್ಮೆನೂ ಬಿಚ್ಚಿಲ್ಲ. ನೀವೂ ಲಿಂಗ ಅರಿವ್ಯಾಗ ಸುತ್ತಿ ಹಿಂಗ ಕಟ್ಕೋರಿ."

"ಜಾರಿದ್ರ?"

"ಮೊದಲ ನೀವ ಇಳೀರಿ, ಸೆಕ್ರೆಟರಿ ಸಾಹೇಬ್ರ. ಗೊತ್ತಾಗತೈತಿ."

ಹಾಗಾಗಿ ಆ ಲಂಗೋಟಿ. ತೋಳಿಗೆ ಲಿಂಗ ಕಟ್ಟಲು ಅಡ್ಡಿಯಿಲ್ಲವೆಂದು ಅಜ್ಜಾರೇ ಹೇಳಿದರು. ನನ್ನ ಅಂಗೈಯಲ್ಲಿದ್ದ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ರಟ್ಟೆಗೆ ತಾವೇ ಕಟ್ಟಿದರು. ಹಿತ್ತಲ ಮಣ್ಣು ಸಡಿಲಿಸಿ ಇಟ್ಟಿದ್ದೆವು. ಹುಸೇನಸಾಬರು ನನ್ನನ್ನು ಮೂರು ಸಲ ಎತ್ತಿ ಒಗೆದರು. ಮೂರು ಸಲವೂ ಎದ್ದೆ. (ಎರಡನೆಯ ಸಲ ಏಳುವ ಮನಸ್ಸೇ ಇರಲಿಲ್ಲ.)

ಅಜ್ಜಾರು ಬಂದು ಗಂಟು ಮುಟ್ಟಿ ನೋಡಿದರು. ಕೂದಲೆಳೆಯಷ್ಟೂ ಸರಿದಿರಲಿಲ್ಲ.

"ನಾಳೆ ಗುದ್ದಲಿ ಹಾಕ್ರಿ."

ಪಕ್ಕದಲ್ಲೇ ನಿಂತು ನೋಡುತ್ತಿದ್ದ ಬಸಪ್ಪ ಕಾಕಾ ಕೆಮ್ಮಿದರು. "ಎಲ್ಲಾ ಛಲೋ ಆತು. ಆದ್ರ ಮಠದ ಗರಡಿಗೆ ವಸ್ತಾದ್ರು ನಮ್ಮ ಪೈಕಿ ಯಾರರ ಇದ್ದಿದ್ರ..."

ಹುಸೇನಸಾಬರು ಮೈಮೇಲಿನ ಮಣ್ಣು ಕೊಡವಿಕೊಳ್ಳುತ್ತಿದ್ದರು. ಕೇಳಿಸಿತೋ ಇಲ್ಲವೋ, ತಲೆ ಎತ್ತಲಿಲ್ಲ. ಜಗಳವೆಂದರೆ ಮೈಲು ದೂರ ಓಡುವ ನಾನು ಸೊಂಟ ಹಿಡಿದುಕೊಂಡೇ ಮುಂದೆ ಬಂದೆ.

"ಕಾಕಾರ, ಲಿಂಗ ಮೈಮ್ಯಾಲೆ ಉಳಿಯೋ ದಾರಿ ತೋರಿಸಿದವರನ್ನ ಹೊರಗ ನಿಲ್ಲಿಸಿ, ಯಾವ ದೇವರ ಹೆಸರ್ಲೆ ಗರಡಿ ಕಟ್ಟೂಣ್ರಿ?"