ಚೊಚ್ಚಲು ತವರಲ್ಲೇ ಎಂದವನು ನಾನು

ಚಾಮರಾಜಪೇಟೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಯಾದಗಿರಿ ಕಡೆಯ ಗಂಡ ಹೆಂಡತಿ ಬಾಡಿಗೆಗಿದ್ದರು. ಇಬ್ಬರೂ ಕಟ್ಟಡದ ಕೆಲಸದವರು. ಆಕೆಗೆ ಮೊದಲ ಬಸಿರು, ಎಂಟು ತಿಂಗಳು. ಆಶಾ ಕಾರ್ಯಕರ್ತೆ ಬಂದು ತಾಯಿ ಕಾರ್ಡ್ ಮಾಡಿಸಿಕೊಟ್ಟಿದ್ದಳು. ಹೆರಿಗೆ ಆಸ್ಪತ್ರೆ ಎರಡು ಬೀದಿ ಆಚೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅದೊಂದು ಮಾತ್ರ ನನ್ನಿಂದ ಆಗಲಿಲ್ಲ.

"ಚೊಚ್ಚಲು ಹೆರಿಗೆ ತವರಲ್ಲೇ ಆಗ್ಬೇಕಮ್ಮ. ಊರಿಗೆ ಹೋಗ್ಬಿಡು."

"ತವರಾಗ ಯಾರದಾರ್ರೀ ಅಜ್ಜಾರ? ಅವ್ವ ಅಪ್ಪ ಪುಣೇಕ ದುಡಿಲಾಕ ಹೋಗ್ಯಾರ. ಮನಿಗಿ ಕೀಲಿ ಬಿದ್ದದ."

"ಮಗಳ ಹೆರಿಗೆ ಅಂದ್ರೆ ಬಂದೇ ಬರ್ತಾರೆ."

ಬಾಗಿಲಲ್ಲಿದ್ದ ಆಶಾ ಕಾರ್ಯಕರ್ತೆಗೆ ರೇಗಿತು. "ಏನ್ ಸಾರ್ ನೀವು! ಕಾರ್ಡ್ ಇಲ್ಲಿದೆ, ಆಸ್ಪತ್ರೆ ಇಲ್ಲಿದೆ, ಅವಳಿಗೆ ರಕ್ತ ಬೇರೆ ಕಮ್ಮಿ ಇದೆ. ಅಲ್ಲಿ ಬಾಣಂತನ ಯಾರು ಮಾಡ್ತಾರೆ, ಬೀಗಾನಾ?"

ಸಂಪ್ರದಾಯ ನಿನಗೇನು ಗೊತ್ತು ಎಂದು ಅವಳ ಬಾಯಿ ಮುಚ್ಚಿಸಿದೆ.

ಸಂಪ್ರದಾಯವಂತೆ! ನನಗಿದ್ದದ್ದು ನೀರಿನ ಚಿಂತೆ. ಆ ಬೇಸಿಗೆಯಲ್ಲಿ ನಲ್ಲಿ ವಾರಕ್ಕೆರಡು ದಿನ ಬರುತ್ತಿತ್ತು. ಬಾಣಂತಿ ಸ್ನಾನ, ಮಗುವಿನ ಬಟ್ಟೆ ಎಂದು ಸಂಪು ಬರಿದಾಗುತ್ತದೆಂದು ಹೆದರಿದ್ದೆ. ನನ್ನ ಇಬ್ಬರು ಹೆಣ್ಣುಮಕ್ಕಳ ಬಾಣಂತನಕ್ಕೆ ಇದೇ ಬಚ್ಚಲಲ್ಲಿ ಹಂಡೆಗಟ್ಟಲೆ ನೀರು ಸುರಿದಾಗ ಈ ಚಿಂತೆ ಎಲ್ಲಿ ಹೋಗಿತ್ತೋ.

ದಿನವೂ ಅದನ್ನೇ ಹೇಳಿದೆ. ಕೋಣೆ ಖಾಲಿ ಮಾಡಬೇಕಾದೀತು ಎಂದೂ ಹೇಳಿದೆ. ಅವರು ಬಸ್ಸು ಹತ್ತಿದರು.

ದಾರಿಯಲ್ಲೇ ನೋವು ಬಂತು. ಗುರುತು ಪರಿಚಯವಿಲ್ಲದ ಊರಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಆಕೆ ಬದುಕಿದಳು, ಮಗು ಉಳಿಯಲಿಲ್ಲ. ಗಂಡ ಫೋನಿನಲ್ಲಿ ಹೇಳಿ, "ಕೋಣಿ ಬ್ಯಾರೆದವ್ರಿಗಿ ಕೊಡಬ್ಯಾಡ್ರೀ, ವಾಪಸ್ ಬರ್ತೀವಿ," ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬಂದರು. ಮರುವರ್ಷ ಆಕೆ ಮತ್ತೆ ಬಸುರಿ. ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದವಳ ಎದುರು ಹೋಗಿ ನಿಂತೆ.

"ನಡಿಯಮ್ಮ, ಕಾರ್ಡ್ ಮಾಡಿಸ್ಕೊಂಡು ಬರೋಣ."

"ಈ ಸಲ ಯಾವ ಬಸ್ಸು ಹತ್ತಲ್ರೀ ಅಜ್ಜಾರ?"

"ಯಾವ ಬಸ್ಸೂ ಬೇಡ. ಬಾಣಂತನಾನೂ ಇಲ್ಲೇ."

ಆಕೆ ತೊಳೆದ ಚೊಂಬನ್ನು ಬೋರಲು ಹಾಕಿದಳು. "ನೀರು ಸಾಲತದೇನ್ರೀ?"

ನೀರಿನ ವಿಷಯ ನಾನು ಅವಳ ಮುಂದೆ ಒಂದು ಸಲವೂ ಎತ್ತಿದವನಲ್ಲ.