ಹೆಸರು ಬೆಳೆದವಳು

ಮೊಬೈಲು ಟಿಂಗ್ ಅಂದಾಗ ನಾನು ವಿದ್ಯಾನಗರದ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ಚಹಾ ಕುಡಿಯುತ್ತಿದ್ದೆ. ಅತಿವೃಷ್ಟಿಯ ಬೆಳೆಹಾನಿ ಪರಿಹಾರ ನನ್ನ ಖಾತೆಗೆ ಜಮಾ ಆಗಿತ್ತು. ನನಗೆ! ಆ ಮಳೆಯಲ್ಲಿ ನನಗೆ ಹಾಳಾದದ್ದೆಂದರೆ ಮರೆತು ಹೊರಗೆ ಬಿಟ್ಟ ಒಂದು ಜೋಡು ಚಪ್ಪಲಿ.

ಬೆಳೆ ಹಾಳಾದದ್ದು ಬೇರೆಯವಳದು. ನವಲಗುಂದದ ಕಡೆ ಅಪ್ಪ ಬಿಟ್ಟುಹೋದ ನಾಲ್ಕೆಕರೆ ಎರೆಮಣ್ಣಿನ ಹೊಲ ಇದೆ. ನಾನು ಜೀವನವಿಡೀ ಶಾಲೆಯಲ್ಲಿ ಕಲಿಸಿದವಳು. ಹೊಲವನ್ನು ಪಾಲಿಗೆ ಮಾಡುವವಳು ಆ ಊರಿನ ಒಬ್ಬ ಮುಸ್ಲಿಂ ಹೆಣ್ಣುಮಗಳು. ಬೀಜ ಆಕೆಯದು, ಗೊಬ್ಬರ ಆಕೆಯದು, ಮುರಿಯುವ ಬೆನ್ನೂ ಆಕೆಯದು. ರಾಶಿಯಾದ ಮೇಲೆ ನನ್ನ ಪಾಲು ಚೀಲದಲ್ಲಿ ಮನೆಗೆ ಬರುತ್ತದೆ. ಆ ವರ್ಷ ಹೆಸರು ಬಿತ್ತಿದ್ದಳು. ಬಿಡಿಸುವ ವಾರದಲ್ಲೇ ಮಳೆ ಹಿಡಿದು, ಕಾಯಿಗಳು ಗಿಡದಲ್ಲೇ ಮೊಳಕೆಯೊಡೆದು ಕೊಳೆತವು. ನೆಲ ಹಸಿ ಇರುವಾಗಲೇ ಕಡಲೆ ಬಿತ್ತಬೇಕು, ಬೀಜಕ್ಕೆ ಪರಿಹಾರದ ದುಡ್ಡೇ ಗತಿ ಎಂದು ಆಕೆ ತಹಶೀಲ್ದಾರ ಆಫೀಸಿಗೆ ಮೂರು ಸಲ ಅಲೆದಿದ್ದಳು. ಮೂರೂ ಸಲ ‘ನಿನ್ನ ಹೆಸರಿಲ್ಲ’ ಎಂದು ಅಟ್ಟಿದ್ದರು.

ನನ್ನ ಸಿಟ್ಟು ನೆತ್ತಿಗೇರಿತು. ಮರುದಿನ ಆಕೆಯನ್ನು ಕರೆದುಕೊಂಡು ಅದೇ ಆಫೀಸಿಗೆ ಹೋದೆ.

“ಏನ್ರೀ, ಈ ರೊಕ್ಕ ನಂದಲ್ಲ. ಈಕೀ ಖಾತೆಗೆ ಹಾಕ್ರಿ,” ಅಂದೆ.

ಕಂಪ್ಯೂಟರಿನ ಮುಂದಿದ್ದ ಗುಮಾಸ್ತ ಕನ್ನಡಕ ಏರಿಸಿದ. “ರೊಕ್ಕ ಬಂದಿಲ್ಲಂತ ಮಂದಿ ಜಗಳಾಡಾಕ ಬರ್ತಾರ್ರಿ. ಬಂದೈತಂತ ಜಗಳಾಡಾಕ ಬಂದವ್ರು ನೀವ ಮೊದಲ್ನೇದವ್ರು. ಹೆಸರು ಯಾರದೈತ್ರಿ?”

“ಹೆಸರು ಈಕೀದು.”

“ಬೆಳಿ ಅಲ್ರೀ ಬಾಯಾರ, ಹೆಸರು! ಪಹಣ್ಯಾಗಿನ ಹೆಸರು!”

ಸುತ್ತ ನಿಂತವರು ನಕ್ಕರು. ಆಕೆಯೂ ಸೆರಗು ಬಾಯಿಗೆ ಹಿಡಿದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

“ಕೈ ಕೆಸರಾದ್ರ ಬಾಯಿ ಮೊಸರು ಅಂತ ಹುಡುಗರಿಗೆ ಕಲಿಸೀನಿ ನಾನು. ನೀವು ಕೆಸರು ಈಕೀಗೆ, ಮೊಸರು ನನಗ ಕೊಡ್ಲಿಕತ್ತೀರಿ. ನಾಚಿಕಿ ಆಗೂದಿಲ್ಲೇನ್ರೀ? ನಿಮ್ಮ ಮಂದಿ ಬೆಳಿಹಾನಿ ಫೋಟೋ ತೆಗಿಯೂ ಮುಂದ ಹೊಲದಾಗ ನಿಂತಾಕಿ ಯಾರು, ನಾನೇನು?” ಇಡೀ ಆಫೀಸು ಕೇಳುವಂತೆ ಒದರಿದೆ.

ಆತ ಸಿಟ್ಟಾಗಲಿಲ್ಲ. ಸುಮ್ಮನೆ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. ಸಾಗುವಳಿದಾರರ ಕಾಲಮ್ಮಿನಲ್ಲಿ ಒಂದೇ ಶಬ್ದವಿತ್ತು: ಸ್ವಂತ.

“ಇದನ್ನ ನಾವಾಗಿ ಬರದಿಲ್ರಿ. ವರ್ಷಾ ವರ್ಷಾ ನೀವ ಬರಸೀರಿ. ಈಗ ಈಕೀ ಹೆಸರು ಹಾಕ್ರಿ ಅಂತ ಅರ್ಜಿ ಕೊಡ್ತೀರೇನು? ಕೊಡ್ರಿ, ಈಗಿಂದೀಗ ತಗೋತೇನಿ.”

ನನಗೆ ಅಪ್ಪನ ಮಾತು ನೆನಪಾಯಿತು. ‘ಏನರ ಮಾಡು, ಆ ಕಾಲಮ್ಮಿನ್ಯಾಗ ಇನ್ನೊಬ್ಬರ ಹೆಸರು ಬೀಳಗೊಡಬ್ಯಾಡ, ಹೊಲಾ ಹೋಗ್ತದ’ ಎಂದು ಅಪ್ಪ ಸಾಯುವ ಮುಂಚೆ ಹೇಳಿದ್ದರು. ಉಳುವವನಿಗೇ ಭೂಮಿ ಎಂಬ ಕಾನೂನಿಗೆ ಹೆದರಿ ಬದುಕಿದವರು ಅವರು. ಆ ಹೆದರಿಕೆಯನ್ನು ಹೊಲದ ಜೊತೆಗೇ ನಾನೂ ಪಡೆದುಕೊಂಡಿದ್ದೆ.

“ವಿಚಾರ ಮಾಡಿ ಹೇಳ್ತೀನಿ,” ಅಂದೆ. ಅಷ್ಟು ಹೊತ್ತು ಒದರಿದ ಬಾಯಿಂದ ಹೊರಟದ್ದು ಅಷ್ಟೇ.

ಅಲ್ಲಿಂದ ಬ್ಯಾಂಕಿಗೆ ಹೋಗಿ, ಬಂದ ಪರಿಹಾರವನ್ನೆಲ್ಲ ತೆಗೆದು ಆಕೆಯ ಕೈಗಿಟ್ಟೆ. ಆಕೆ ಕಣ್ಣಿಗೊತ್ತಿಕೊಂಡಳು.

“ನಾಳಿಗೇ ಕಡ್ಲಿ ಬೀಜ ತರ್ತೇನ್ರಿ. ನಿಮ್ಮ ಉಪಕಾರ ಮರಿಯಂಗಿಲ್ರಿ ಅಕ್ಕೋರ.”

“ಎಲ್ಲೀದು ಉಪಕಾರ? ಇದು ನಿನ್ನ ರೊಕ್ಕ!” ಎಂದು ಆಕೆಯ ಮೇಲೇ ರೇಗಿದೆ.

ಆಕೆ ನೋಟುಗಳನ್ನು ಸೆರಗಿನಲ್ಲಿ ಗಂಟು ಹಾಕುತ್ತ, ಯಾವ ಕೊಂಕೂ ಇಲ್ಲದೆ ಕೇಳಿದಳು: “ನಂದಂತ ಎಲ್ಲಿ ಬರದೈತ್ರಿ?”

ಕಡಲೆ ಚೆನ್ನಾಗಿ ಬಂತು. ನನ್ನ ಪಾಲಿನ ಚೀಲವೂ ತಪ್ಪದೆ ಮನೆಗೆ ಬಂತು. ಅರ್ಜಿ ಬರೆದು ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ, ಸಹಿ ಮಾಡಿಲ್ಲ. ಸರಕಾರಕ್ಕೆ ಬೈಯುವಾಗ ಮಾತ್ರ ನನ್ನ ದನಿ ಈಗಲೂ ಅಷ್ಟೇ ಜೋರು.