ಶುಕ್ರವಾರಕ್ಕೆ ಬಿದ್ದ ಭಾನುವಾರ

"ದೋಹಾದ ನಮ್ಮ ಆಂಗ್ಲಿಕನ್ ಸಭೆ ಈ ಕಟ್ಟಡದೊಂದಿಗೆ ಹುಟ್ಟಿತು, ಅದಕ್ಕೆ ಮೊದಲು ಇಲ್ಲಿ ಯಾರಿಗೂ ದೀಕ್ಷಾಸ್ನಾನವಾದ ದಾಖಲೆಯಿಲ್ಲ." ನಮ್ಮ ಸಭೆಯವರು ಅಚ್ಚು ಹಾಕಿಸಲಿರುವ ಪುಸ್ತಿಕೆಯ ಮೊದಲ ಸಾಲು ಇದು. ಮಕ್ಕಳೇ, ನಾನು ಇದನ್ನು ಒಪ್ಪುವುದಿಲ್ಲ. ಒಪ್ಪಿದರೆ ನನ್ನ ತಂಗಿ ಸಭೆಗೆ ಸೇರಿದವಳೇ ಅಲ್ಲವೆಂದಾಗುತ್ತದೆ.

ನಾನು ಚಿಕ್ಕವನಿದ್ದಾಗ ಸಭೆ ಕೂಡುತ್ತಿದ್ದದ್ದು ಅಲ್ ಮುಂತಜಾ ಬಡಾವಣೆಯ ನಮ್ಮ ಬಾಡಿಗೆ ಮನೆಯ ಹಜಾರದಲ್ಲಿ. ಹನ್ನೆರಡು ಮಡಚುವ ಕುರ್ಚಿಗಳು, ಗೊರಗುಟ್ಟುವ ಎ.ಸಿ., ಚಪ್ಪಲಿಗಳೊಂದಿಗೆ ಒಳಬರುತ್ತಿದ್ದ ಮರಳು. ಮೆಸಯೀದ್‌ನ ಕಾರ್ಖಾನೆಯಲ್ಲಿದ್ದ ಅಪ್ಪನಿಗೆ ಶುಕ್ರವಾರ ಮಾತ್ರ ರಜೆ. ಆದ್ದರಿಂದ ಆರಾಧನೆಯೂ ಶುಕ್ರವಾರವೇ. ಆದರೆ ಮಂಗಳೂರಿನಲ್ಲಿ ಬೆಳೆದ ಅಪ್ಪ ಆ ದಿನವನ್ನು ಭಾನುವಾರವೆಂದೇ ಕರೆಯುತ್ತಿದ್ದರು.

"ಇವತ್ತು ಶುಕ್ರವಾರ ಮಾರಾಯ್ರೆ," ಎಂದು ಅಮ್ಮ ಕೆಣಕುತ್ತಿದ್ದರು.

"ಆರಾಧನೆ ಇದ್ದ ದಿನವೇ ಭಾನುವಾರ. ಖಲಾಸ್!" ಎನ್ನುತ್ತಿದ್ದರು ಅಪ್ಪ.

ಅಂಥ ಒಂದು ಬೆಳಗ್ಗೆ ತಂಗಿಯ ದೀಕ್ಷಾಸ್ನಾನಕ್ಕೆಂದು ಬಹರೇನ್‌ನಿಂದ ಪಾದ್ರಿಗಳು ಬರಬೇಕಿತ್ತು. ಬರಲಿಲ್ಲ. ಒಂಬತ್ತು ದಿನದ ಕೂಸು ಉಸಿರಿಗೆ ಕಷ್ಟಪಡುತ್ತಿತ್ತು. ಸಭೆಯಲ್ಲಿದ್ದ ಮಲಯಾಳಿ ನರ್ಸ್ ಅದರ ಎದೆಗೆ ಕಿವಿಯಿಟ್ಟು, ತಮಗೆ ಬರುತ್ತಿದ್ದ ಅರೆಕನ್ನಡದಲ್ಲಿ ಹೇಳಿದರು: "ಯಲ್ಲಾ, ಬೇಗ ಬೇಗ, ಆಸ್ಪತ್ರೆ ಹೋಗಬೇಕು. ಮೊದಲು ನೀರು ಹಾಕಿ. ಪಾದ್ರಿ ಇಲ್ಲಾಂದ್ರೆ ಅಪ್ಪನೇ ಹಾಕಬಹುದು."

ನಲ್ಲಿಯ ನೀರು ಕೈ ಸುಡುತ್ತಿತ್ತು. ಅಕ್ಕ ಫ್ರಿಜ್ಜಿನ ನೀರು ಬೆರೆಸಿ, ಮೊಣಕೈಯಿಂದ ಮುಟ್ಟಿ ನೋಡಿದಳು. ಅಪ್ಪ ಮೂರು ಸಲ ನೀರೆರೆದು ಹೆಸರಿಟ್ಟರು. ತಂಗಿ ಅಳಲಿಲ್ಲ. ವಾರವಾರದ ಆರಾಧನೆಯನ್ನು ದಾಖಲಿಸುತ್ತಿದ್ದ ಸಭೆಯ ಪುಸ್ತಕದಲ್ಲಿ ಅಪ್ಪ ಅವಳ ಹೆಸರು, ತಾರೀಖು, ಪಕ್ಕದಲ್ಲಿ 'ಭಾನುವಾರ' ಎಂದು ಬರೆದರು; ನರ್ಸ್ ಮಲಯಾಳದಲ್ಲಿ ಸಹಿ ಹಾಕಿದರು. ಅವರೆಲ್ಲ ಆಸ್ಪತ್ರೆಗೆ ಹೊರಟ ಮೇಲೆ ನಾನು ಕುರ್ಚಿಗಳನ್ನು ಮಡಚಿಟ್ಟೆ. ಮಂಗಳವಾರ ತಂಗಿ ತೀರಿಕೊಂಡಳು. ನಾನು ಅತ್ತೆನೇ ಎಂದು ನೀವು ಕೇಳಿದಿರಿ. ನನಗೆ ನೆನಪಿಲ್ಲ.

ಕಳೆದ ತಿಂಗಳು ಆ ಪುಟವನ್ನು ಪುಸ್ತಿಕೆಯವರಿಗೆ ತೋರಿಸಿದೆ. "ಆ ಡೇಟ್ ಫ್ರೈಡೇ ಅಂಕಲ್, ಇಲ್ಲಿ ಭಾನುವಾರ ಅಂತಿದೆ. ಯಾರೋ ಆಮೇಲೆ ಬರೆದು ಸೇರಿಸಿದ್ದು," ಎಂದು ಅವರು ಪುಸ್ತಕ ಮುಚ್ಚಿದರು.

ನಿಮಗೆ ಇಂದು ಎತ್ತರದ ಸಭಾಂಗಣವಿದೆ, ಸಾಲು ಬೆಂಚುಗಳಿವೆ. 'ಫ್ರೈಡೇ ಚರ್ಚ್' ಎನ್ನುವಾಗ ನಿಮ್ಮ ನಾಲಗೆ ತೊಡರುವುದಿಲ್ಲ. ಅಪ್ಪನ ನಾಲಗೆಗೆ ಅದು ಒಗ್ಗಲೇ ಇಲ್ಲ. ಕಪ್ಪು ರಟ್ಟಿನ ಆ ಪುಸ್ತಕ ಸಭೆಯ ಕಪಾಟಿನಲ್ಲಿದೆ, ಬೀಗವಿಲ್ಲ. ಯಾವ ಪುಟವನ್ನಾದರೂ ತೆರೆದು ತಾರೀಖನ್ನು ನಿಮ್ಮ ಫೋನಿನಲ್ಲಿ ಹಾಕಿ ನೋಡಿ. ಒಂದೊಂದೂ ಶುಕ್ರವಾರ, ಒಂದೊಂದರ ಪಕ್ಕದಲ್ಲೂ ಅಪ್ಪನ ಅಕ್ಷರದಲ್ಲಿ 'ಭಾನುವಾರ'. ತಂಗಿಯದು ಏಳನೆಯ ಪುಟ.